ಕಟಕಟೆಯಲ್ಲಿ ನಿಂತವರ ಕಡೆ ನಮ್ಮನ್ನ ತಿರುಗಿಸೋ ಕ್ಯಾಮೆರಾ

'ಟ್ವೆಲ್ವ್ ಆಂಗ್ರಿ ಮೆನ್' ಸಿನಿಮಾದಲ್ಲಿ ಆರೋಪಿ ಹುಡುಗ ಕಾಣಿಸ್ಕೊಳ್ಳೋದು ಒಂದೇ ಒಂದು ಸಲ. ಶುರುವಲ್ಲೇ ಜಡ್ಜು ದಿನಾ ಹೇಳಿ ಹೇಳಿ ಸಾಕಾದ ದನಿಯಲ್ಲಿ ಜ್ಯೂರಿಯವರಿಗೆ ಸೂಚನೆ ಕೊಡ್ತಾನೆ, ಹನ್ನೆರಡು ಜನ ಎದ್ದು ಒಳಗಿನ ರೂಮಿಗೆ ಹೊರಡ್ತಾರೆ, ಆಗ ಆ ಹುಡುಗನ ಮುಖ ಕ್ಲೋಸಪ್‌ನಲ್ಲಿ ಬರುತ್ತೆ. ಹದಿನೆಂಟರ ಹುಡುಗ, ಅಪ್ಪನ್ನ ಚಾಕು ಹಾಕಿ ಕೊಂದ ಅನ್ನೋ ಆರೋಪ, ಸಾಬೀತಾದ್ರೆ ಎಲೆಕ್ಟ್ರಿಕ್ ಚೇರು. ಬಾಯಿಬಿಟ್ಟು ಒಂದು ಮಾತಾಡಲ್ಲ, ದೊಡ್ಡ ಕಣ್ಣು, ಹೋಗ್ತಿರೋರನ್ನ ನೋಡ್ತಾ ಕೂತಿರ್ತಾನೆ ಅಷ್ಟೇ. ಆ ಮುಖ ಕರಗ್ತಾ ಕರಗ್ತಾ ಅದರ ಮೇಲೆ ಖಾಲಿ ಜ್ಯೂರಿ ರೂಮು ಮೂಡುತ್ತೆ, ಆಮೇಲೆ ಸಿನಿಮಾ ಮುಗಿಯೋವರೆಗೂ ಅವನು ಮತ್ತೆ ಬರೋದೇ ಇಲ್ಲ.

1957ರ ಈ ಸಿನಿಮಾ ಸಿಡ್ನಿ ಲ್ಯುಮೆಟ್‌ನ ಮೊದಲ ಚಿತ್ರ. ಇದನ್ನ ಶೂಟ್ ಮಾಡಿದ ರೀತಿ ಬಗ್ಗೆ ಅವನೇ ಆಮೇಲೆ ಬಿಡಿಸಿ ಹೇಳಿದ್ದಾನೆ, ಮೊದಲ ಮೂರನೇ ಒಂದು ಭಾಗ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿತ್ತು, ಮಧ್ಯದಲ್ಲಿ ಕಣ್ಣಿನ ಮಟ್ಟಕ್ಕೆ ಇಳೀತು, ಕೊನೇ ಭಾಗದಲ್ಲಿ ಇನ್ನೂ ಕೆಳಗೆ, ಎಷ್ಟು ಕೆಳಗೆ ಅಂದ್ರೆ ತಲೆ ಮೇಲಿನ ಸೂರೂ ಫ್ರೇಮ್ ಒಳಗೆ ಬರೋ ಹಾಗೆ. ಜೊತೆಗೆ ಲೆನ್ಸುಗಳೂ ಸಿನಿಮಾ ಮುಂದೆ ಹೋದ ಹಾಗೆ ಉದ್ದ ಆಗ್ತಾ ಹೋದ್ವು, ಹಿಂದಿನ ಗೋಡೆ ಹತ್ರ ಹತ್ರ ಬಂದ ಹಾಗೆ ಕಾಣುತ್ತೆ. ಸಾಮಾನ್ಯವಾಗಿ ಇದನ್ನ ಟೆನ್ಷನ್ ಹೆಚ್ಚಿಸೋ ತಂತ್ರ ಅಂತ ಹೇಳಿ ಬಿಟ್ಬಿಡ್ತಾರೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತೆ, ಸೆಲ್ ಒಳಗೆ ಆ ಹುಡುಗ ಅನುಭವಿಸ್ತಿರಬಹುದಾದ ಇಕ್ಕಟ್ಟನ್ನ ತಗೊಂಡು ಬಂದು ಅವನ ಹಣೆಬರಹ ಬರಿಯೋಕೆ ಕೂತವರ ಮೇಲೇ ಹೇರಿದಾನೆ ಲ್ಯುಮೆಟ್. ಹುಡುಗನ್ನ ತೋರಿಸದೇ ಹುಡುಗನ ಸ್ಥಿತಿ ತೋರಿಸೋದು.

ಆದ್ರೆ ನನ್ನನ್ನ ಕಾಡೋದು ಆ ಒಂದು ಮುಖ. ಅಲ್ಲಿ ಹೆದರಿದ ಕಣ್ಣಿನ ಹುಡುಗನ ಬದಲು, ತುಟಿ ಓರೆ ಮಾಡಿ ನಗೋ ಒಬ್ಬ ಒರಟನನ್ನ ಕೂರಿಸಿದ್ರೆ? ವಾದ ಒಂದು ಚೂರೂ ಬದಲಾಗಲ್ಲ, ಅದೇ ಥರದ ಚಾಕು ಅಂಗಡೀಲಿ ಸಿಗುತ್ತೆ, ಕುಂಟೋ ಮುದುಕ ಅಷ್ಟು ಸೆಕೆಂಡಲ್ಲಿ ಬಾಗಿಲಿಗೆ ಬರೋಕಾಗಲ್ಲ, ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲೆ ಕನ್ನಡಕದ ಗುರುತಿದೆ, ಎಲ್ಲಾ ಹಾಗೇ ಇರುತ್ತೆ. ಬದಲಾಗೋದು ನಾವು. ನಾವು ಆ ವಾದಗಳು ಗೆಲ್ಲಲಿ ಅಂತ ಅಷ್ಟೇ ಆಸೆ ಪಡ್ತಿದ್ವಾ? ಅಸಹಾಯಕ ಆರೋಪಿ ಬಗ್ಗೆ ಸಿನಿಮಾ ಮಾಡೋ ಪ್ರತಿ ನಿರ್ದೇಶಕನೂ ಎಲ್ಲೋ ಒಂದು ಕಡೆ ಇದನ್ನ ತೀರ್ಮಾನ ಮಾಡ್ಕೊಂಡಿರ್ತಾನೆ, ನೋಡೋರ ಮರುಕಕ್ಕೆ ಯಾವ ಷರತ್ತು ಹಾಕ್ಬೇಕು ಅಂತ. ಮುದ್ದಾಗಿದ್ರೆ ಮರುಗ್ತೀರಾ, ನಿರಪರಾಧಿ ಆಗಿದ್ರೆ ಮಾತ್ರ ಮರುಗ್ತೀರಾ, ಏಟು ತಿಂದ್ರೆ ಮರುಗ್ತೀರಾ, ಇಲ್ಲಾ ಏನೂ ಷರತ್ತಿಲ್ಲದೇನಾ. ನಾನು ಒಂದು ಸಿನಿಮಾನ ಮನಸ್ಸಲ್ಲಿಟ್ಕೊಳ್ಳೋದೂ ಮರೆತುಬಿಡೋದೂ ಈಗೀಗ ಇದರ ಮೇಲೇ.

ಮುಖದ ಶಕ್ತಿ ಎಷ್ಟು ಅನ್ನೋದಕ್ಕೆ ರಷ್ಯಾದ ಲೆವ್ ಕುಲೆಶೋವ್ ಮಾಡಿದ ಪ್ರಯೋಗದ ಕಥೆ ಸಿನಿಮಾ ಓದಿದವರಿಗೆಲ್ಲ ಗೊತ್ತು. ಒಬ್ಬ ನಟನ ಅದೇ ಭಾವವಿಲ್ಲದ ಮುಖದ ಶಾಟನ್ನ ಒಂದು ಸಲ ಸೂಪಿನ ಬಟ್ಟಲ ಜೊತೆ, ಒಂದು ಸಲ ಶವಪೆಟ್ಟಿಗೆ ಜೊತೆ, ಇನ್ನೊಂದು ಸಲ ಒಬ್ಬ ಹೆಂಗಸಿನ ಜೊತೆ ಜೋಡಿಸಿದ, ನೋಡಿದವರು ಹಸಿವು, ದುಃಖ, ಆಸೆ ಎಲ್ಲಾ ಎಷ್ಟು ಚೆನ್ನಾಗಿ ಅಭಿನಯಿಸಿದಾನೆ ಅಂದ್ರಂತೆ. ಆರೋಪಿ ವಿಷಯಕ್ಕೆ ಬಂದ್ರೆ ಇದು ಸಣ್ಣ ಮಾತಲ್ಲ. ಸುಮ್ನೆ ಕೂತ ಒಬ್ಬನ ಮುಖದ ಪಕ್ಕ ರಕ್ತದ ಚಾಕು ಇಟ್ರೆ ಅವನು ಕಲ್ಲೆದೆಯವನು, ಅಳ್ತಿರೋ ತಾಯಿನ ಇಟ್ರೆ ಅವನು ನೊಂದವನು. ಟಿವಿ ನ್ಯೂಸ್‌ನವರು ಒಂದು ಫೋಟೋನ ಕೆಂಪು ವೃತ್ತ ಹಾಕಿ ತೋರಿಸುವಾಗಲೂ ಇದೇ ನಡೆಯೋದು.

1928ರಲ್ಲಿ ಕಾರ್ಲ್ ಥಿಯೋಡರ್ ಡ್ರೇಯರ್ ಜೋನ್ ಆಫ್ ಆರ್ಕ್ ಬಗ್ಗೆ ಮಾಡಿದ ಮೂಕಿ ಚಿತ್ರ ಹೆಚ್ಚುಕಮ್ಮಿ ಮುಖಗಳಿಂದಲೇ ಕಟ್ಟಿದ ಸಿನಿಮಾ. 1431ರ ವಿಚಾರಣೆಯ ದಾಖಲೆಗಳನ್ನ ಇಟ್ಕೊಂಡು ಬರೆದಿದ್ದು. ಹತ್ತೊಂಬತ್ತರ ಆಸುಪಾಸಿನ ಹಳ್ಳಿ ಹುಡುಗಿ, ಎದುರಿಗೆ ಓದಿ ಪಳಗಿದ ಧರ್ಮಪಂಡಿತರ ದಂಡು. ಜೋನ್ ಪಾತ್ರ ಮಾಡಿದ ಫಾಲ್ಕೊನೆಟ್ಟಿ ಮುಖಕ್ಕೆ ಮೇಕಪ್ ಇಲ್ಲ, ಕೂದಲು ಕತ್ತರಿಸೋ ದೃಶ್ಯದಲ್ಲಿ ಕತ್ತರಿಸಿದ್ದು ನಿಜವಾದ ಕೂದಲೇ. ಚಿತ್ರಕ್ಕೆ ದೊಡ್ಡ ಖರ್ಚಿನಲ್ಲಿ ಭಾರಿ ಸೆಟ್ ಹಾಕಿಸಿ ಅದನ್ನ ಸರಿಯಾಗಿ ತೋರಿಸಲೇ ಇಲ್ಲ ಡ್ರೇಯರ್, ನಿರ್ಮಾಪಕರಿಗೆ ಎಷ್ಟು ಸಂಕಟ ಆಗಿರಬೇಡ. ಎಲ್ಲರೂ ಕಣ್ಣೀರಿನ ಬಗ್ಗೆ ಮಾತಾಡ್ತಾರೆ, ಆದ್ರೆ ನನ್ನನ್ನ ಹಿಡಿದು ಕೂರಿಸಿದ್ದು ಬೇರೆ. ಆ ಕೋಣೆಯಲ್ಲಿ ಯಾರು ಎಲ್ಲಿ ಕೂತಿದಾರೆ ಅಂತ ನಮಗೆ ಗೊತ್ತೇ ಆಗಲ್ಲ, ಒಂದು ಮುಖದಿಂದ ಇನ್ನೊಂದಕ್ಕೆ ಕಟ್ ಆಗುತ್ತೆ, ಹಿಂದೆ ಬರೀ ಬಿಳಿ ಗೋಡೆ, ಪ್ರಶ್ನೆ ಯಾವ ದಿಕ್ಕಿಂದ ಬಂತು ಅಂತ ಹುಡುಕೋದ್ರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತೆ, ಜಡ್ಜುಗಳನ್ನ ಕೆಳಗಿನಿಂದ ತೋರಿಸಿರೋದ್ರಿಂದ ಅವರ ಗದ್ದ, ಮೂಗಿನ ಹೊಳ್ಳೆ, ಬಾಯಿ ಎಲ್ಲಾ ನಮ್ಮ ಮೇಲೇ ಬಾಗಿದ ಹಾಗಿರುತ್ತೆ. ಅಷ್ಟು ಜನ ಸುತ್ತುವರಿದಾಗ ಒಬ್ಬಂಟಿ ಹುಡುಗಿಗೆ ಹೇಗೆ ದಿಕ್ಕು ತಪ್ಪುತ್ತೋ ಹಾಗೆ ನಮಗೂ ದಿಕ್ಕು ತಪ್ಪುತ್ತೆ.

ಇನ್ನು ನೋಡೋರಿಗೆ ಏನು ಗೊತ್ತಿರಬೇಕು, ಯಾವಾಗ ಗೊತ್ತಾಗಬೇಕು ಅನ್ನೋದು. ಇದರಲ್ಲಿ ಹಿಚ್‌ಕಾಕ್‌ನ ಮೀರಿಸೋರು ಕಮ್ಮಿ. 'ದಿ ರಾಂಗ್ ಮ್ಯಾನ್' 1956ರದ್ದು, ನಿಜವಾಗಿ ನಡೆದ ಪ್ರಕರಣ ಇಟ್ಕೊಂಡು ಮಾಡಿದ್ದು. ನ್ಯೂಯಾರ್ಕಿನ ಸ್ಟಾರ್ಕ್ ಕ್ಲಬ್ಬಿನಲ್ಲಿ ಬೇಸ್ ಅನ್ನೋ ತಂತಿವಾದ್ಯ ನುಡಿಸೋ ಮ್ಯಾನಿ ಅನ್ನೋ ಸಂಸಾರಸ್ಥ, ಹೆಂಡತಿ ಹಲ್ಲಿನ ಚಿಕಿತ್ಸೆಗೆ ಸಾಲ ಸಿಗುತ್ತಾ ಅಂತ ಕೇಳೋಕೆ ಇನ್ಶೂರೆನ್ಸ್ ಆಫೀಸಿಗೆ ಹೋಗ್ತಾನೆ, ಅಲ್ಲಿನ ಹೆಂಗಸರು ಮೊದಲು ಆಫೀಸಿಗೆ ನುಗ್ಗಿ ದುಡ್ಡು ಕಿತ್ಕೊಂಡು ಹೋದವನು ಇವನೇ ಅಂದ್ಕೋತಾರೆ. ಅವನು ನಿರಪರಾಧಿ ಅಂತ ನಮಗೆ ಮೊದಲೇ ಗೊತ್ತು, ಹಿಚ್‌ಕಾಕ್ ಅದನ್ನ ಮುಚ್ಚಿಡೋ ಪ್ರಯತ್ನಾನೇ ಮಾಡಲ್ಲ. ಹಾಗಾದ್ರೆ ಎರಡು ಗಂಟೆ ಏನು ಹಿಡಿದಿಡುತ್ತೆ?

ವಿಧಾನ ಹಿಡಿದಿಡುತ್ತೆ, ಪ್ರೊಸೀಜರ್ ಅಂತೀವಲ್ಲ ಅದು. ಯಾರೂ ಅವನಿಗೆ ಹೊಡಿಯಲ್ಲ, ಬೈಯಲ್ಲ. ಪೊಲೀಸರು ಸಭ್ಯವಾಗೇ ಮಾತಾಡ್ತಾರೆ, ತಪ್ಪು ಮಾಡಿಲ್ಲ ಅಂದ್ರೆ ಹೆದರೋದು ಯಾಕೆ ಅಂತಾರೆ. ಅಂಗಡಿಗಳಿಗೆ ಕರ್ಕೊಂಡು ಹೋಗಿ, ಒಳಗೆ ಹೋಗಿ ನಡೆದು ವಾಪಸ್ ಬಾ ಅಂತಾರೆ, ಅಂಗಡಿಯವರು ಅವನನ್ನ ದಿಟ್ಟಿಸ್ತಾರೆ. ಆಮೇಲೆ ದರೋಡೆಕೋರ ಬರೆದಿದ್ದ ಚೀಟಿಯ ಮಾತುಗಳನ್ನೇ ಹೇಳಿ ಬರೆಸ್ತಾರೆ, ಇವನು ಬರೀತಾನೆ, ಹೆದರಿಕೆಯೋ ಗಾಬರಿಯೋ, ಒಂದು ಪದದಲ್ಲಿ ಅಕ್ಷರ ಬಿಟ್ಟುಹೋಗುತ್ತೆ, ದರೋಡೆಕೋರನೂ ಅದೇ ಪದದಲ್ಲಿ ಅದೇ ತಪ್ಪು ಮಾಡಿರ್ತಾನೆ. ಅಲ್ಲಿಗೆ ಮುಗೀತು. ಆ ಜಾಗದಲ್ಲಿ ನನಗೆ ಪ್ರತಿ ಸಲ ಹೊಟ್ಟೆ ತೊಳೆಸುತ್ತೆ, ಯಾಕಂದ್ರೆ ಇಡೀ ವ್ಯವಸ್ಥೆಯಲ್ಲಿ ಒಬ್ಬನೂ ಕೆಟ್ಟವನಿಲ್ಲ, ಆದ್ರೂ ಅವನು ಮುಳುಗ್ತಿದಾನೆ. ಬೆರಳಚ್ಚು ತಗೊಂಡ ಮೇಲೆ ಮ್ಯಾನಿ ತನ್ನ ಮಸಿ ಹತ್ತಿದ ಬೆರಳುಗಳನ್ನ ನೋಡ್ಕೋತಾನೆ, ಅವೇ ಬೆರಳಲ್ಲಿ ನಿನ್ನೆ ರಾತ್ರಿ ಕ್ಲಬ್ಬಿನಲ್ಲಿ ತಂತಿ ಮೀಟಿದ್ದ. ವ್ಯಾನಿನಲ್ಲಿ ಬೇರೆ ಕೈದಿಗಳ ಜೊತೆ ಬೇಡಿ ಹಾಕಿ ಕೂರಿಸಿದಾಗ ಅವನಿಗೆ ತಲೆ ಎತ್ತೋಕಾಗಲ್ಲ, ಹಾಗಾಗಿ ನಮಗೂ ಕಾಣೋದು ಅಕ್ಕಪಕ್ಕದವರ ಶೂಗಳು ಮಾತ್ರ. ಅವಮಾನ ಆದವನು ಜಗತ್ತನ್ನ ಎಲ್ಲಿಂದ ನೋಡ್ತಾನೆ ಅಂತ ಯೋಚನೆ ಮಾಡಿ ಕ್ಯಾಮೆರಾನ ಅಲ್ಲಿಟ್ಟಿದಾನೆ ಹಿಚ್‌ಕಾಕ್. ಮ್ಯಾನಿ ಪಾತ್ರದ ಹೆನ್ರಿ ಫೊಂಡಾ ಅಳೋದೇ ಬೇಕಾಗಿಲ್ಲ.

ಥಾಮಸ್ ವಿಂಟರ್‌ಬರ್ಗ್‌ನ 'ದಿ ಹಂಟ್' 2012ರಲ್ಲಿ ಬಂದಿದ್ದು, ಅದೂ ಇದೇ ದಾರಿ, ಶಿಶುವಿಹಾರದಲ್ಲಿ ಕೆಲಸ ಮಾಡೋ ಲೂಕಾಸ್ ಮಗುವಿಗೆ ಏನೂ ಮಾಡಿಲ್ಲ ಅಂತ ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಇಂಥ ಕಥೆ ಹೇಳುವಾಗ ತುಂಬಾ ಹುಷಾರಾಗಿರಬೇಕು, ಮಕ್ಕಳು ಸುಳ್ಳು ಹೇಳ್ತಾರೆ ಅನ್ನೋ ಮಾತಿಗೆ ಸಿನಿಮಾ ಆಧಾರ ಆಗಿಬಿಟ್ರೆ ನಿಜವಾಗಿ ನೊಂದ ಮಕ್ಕಳಿಗೆ ಅದು ಮಾಡೋ ಅನ್ಯಾಯ ಸಣ್ಣದಲ್ಲ. ವಿಂಟರ್‌ಬರ್ಗ್ ಅಲ್ಲಿ ಪುಟ್ಟ ಕ್ಲಾರಾಳನ್ನ ಕೈಬಿಡಲ್ಲ, ಅವಳು ಸಿಟ್ಟಲ್ಲಿ ಏನೋ ಅಂದಿದ್ದು, ಅದನ್ನ ದೊಡ್ಡವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ತಾವೇ ಉತ್ತರ ಬಾಯಿಗಿಟ್ಟು ಬೆಳೆಸಿದ್ದು, ಅವಳು ಆಮೇಲೆ ಇಲ್ಲ ಅಂದ್ರೂ ಕೇಳೋರಿಲ್ಲ. ಆರೋಪಿಗೆ ಮರುಕ ತರೋಕೆ ಆರೋಪ ಮಾಡಿದವರನ್ನ ರಾಕ್ಷಸರು ಮಾಡದೇ ಇರೋದು, ಇದು ಕಷ್ಟದ ಕೆಲಸ, ಬಹಳ ನಿರ್ದೇಶಕರು ಇಲ್ಲಿ ಸೋಲ್ತಾರೆ.

ಮಕ್ಕಳ ಕಣ್ಣಿಂದ ನೋಡಿಸೋದು ಇನ್ನೊಂದು ದಾರಿ. 1962ರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಚಿತ್ರದಲ್ಲಿ, ಬಿಳಿಯರ ಹುಡುಗಿಯನ್ನ ಹೊಡೆದು ಅತ್ಯಾಚಾರ ಮಾಡಿದ ಅನ್ನೋ ಆರೋಪ ಹೊತ್ತ ಕಪ್ಪು ಜನಾಂಗದ ಟಾಮ್ ರಾಬಿನ್ಸನ್ ವಿಚಾರಣೆನ ನಾವು ನೋಡೋದು ವಕೀಲನ ಮಕ್ಕಳ ಜೊತೆ ಮೇಲಿನ ಬಾಲ್ಕನಿಯಿಂದ. ವಕೀಲ ಒಂದು ಲೋಟನ ಟಾಮ್ ಕಡೆ ಎಸೀತಾನೆ, ಅವನು ಬಲಗೈಯಲ್ಲಿ ಹಿಡೀತಾನೆ, ಎಡಗೈ ಊನ, ಹೊಡೆದವನು ಎಡಚ ಇರಬೇಕು ಅನ್ನೋದು ಅಲ್ಲಿರೋ ಎಲ್ಲರಿಗೂ ಗೊತ್ತಾಗುತ್ತೆ, ಆದ್ರೂ ತೀರ್ಪು ಬದಲಾಗಲ್ಲ. ಟಾಮ್ ಆಗಿ ಬ್ರಾಕ್ ಪೀಟರ್ಸ್ ಕಟಕಟೆಯಲ್ಲಿ ಮಾತಾಡೋ ಆ ದೃಶ್ಯ ಎಷ್ಟು ಸಲ ನೋಡಿದ್ರೂ ಗಂಟಲು ಕಟ್ಟುತ್ತೆ. ಆದ್ರೆ ಟಾಮ್ ಮನೆಯಲ್ಲಿ ಹೇಗಿರ್ತಾನೆ, ಯಾವುದಕ್ಕೆ ನಗ್ತಾನೆ, ಯಾರ ಮೇಲೆ ರೇಗ್ತಾನೆ, ಏನೂ ನಮಗೆ ಗೊತ್ತಿಲ್ಲ. ಅವನು ಸಿನಿಮಾದಲ್ಲಿ ಇರೋದೇ ಬಿಳಿಯರ ಮಕ್ಕಳು ಅನ್ಯಾಯ ಅಂದ್ರೆ ಏನು ಅಂತ ಕಲಿಯೋಕೆ ಅನ್ನೋ ಹಾಗಿದೆ, ಕೊನೆಗೆ ಅವನು ಸತ್ತಿದ್ದೂ ಬೇರೆಯವರ ಬಾಯಲ್ಲಿ ಕೇಳಬೇಕು.

ನಮ್ಮ ಗಿರೀಶ್ ಕಾಸರವಳ್ಳಿ 1977ರಲ್ಲಿ ಅನಂತಮೂರ್ತಿಯವರ ಕಥೆ ಇಟ್ಕೊಂಡು ಮಾಡಿದ 'ಘಟಶ್ರಾದ್ಧ'ದಲ್ಲೂ ನೋಡೋ ಕಣ್ಣು ಹುಡುಗನದೇ, ವೇದಪಾಠಕ್ಕೆ ಬಂದು ಸೇರಿದ ನಾಣಿ. ಆರೋಪಿ ಯಮುನಕ್ಕ, ಗುರುಗಳ ಮಗಳು, ಎಳೇ ವಯಸ್ಸಿನ ವಿಧವೆ, ಬಸುರಿ. ಅಲ್ಲಿ ಕೋರ್ಟಿಲ್ಲ, ವಕೀಲರಿಲ್ಲ, ಬದುಕಿರೋ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಹೊರಗೆ ಹಾಕೋ ಶಿಕ್ಷೆ. ಎರಡೂ ಚಿತ್ರಕ್ಕಿರೋ ವ್ಯತ್ಯಾಸ ಏನಪ್ಪಾ ಅಂದ್ರೆ ನಾಣಿಗೆ ಇಲ್ಲಿ ಬಾಲ್ಕನಿ ಇಲ್ಲ. ಅವನು ಅವಳ ಜೊತೇಲೇ ಇರ್ತಾನೆ, ಮನೆ ಬಿಟ್ಟು ಬಂದ ಮಗುವಿಗೆ ಅವಳೊಬ್ಬಳೇ ಆಸರೆ, ಕತ್ತಲಲ್ಲಿ ಅವಳ ಜೊತೆ ಓಡಾಡ್ತಾನೆ, ಅವಳಿಗೆ ಏನಾಗ್ತಿದೆ ಅಂತ ಅವನಿಗೆ ಅರ್ಧಂಬರ್ಧ ಗೊತ್ತು. ಅವಳು ಮಾಡಿದ್ದು ತಪ್ಪೋ ಸರಿಯೋ ಅನ್ನೋ ಲೆಕ್ಕ ಅವನ ತಲೇಲಿ ಇಲ್ಲವೇ ಇಲ್ಲ, ಹಾಗಾಗಿ ನಮ್ಮ ತಲೇಲೂ ಆ ಲೆಕ್ಕ ಶುರುವಾಗೋಕೆ ಸಿನಿಮಾ ಬಿಡಲ್ಲ. ಅವಳು ನಿರಪರಾಧಿ ಅಂತ ಸಾಬೀತು ಮಾಡೋ ಗೋಜಿಗೇ ಕಾಸರವಳ್ಳಿ ಹೋಗಲ್ಲ, ಅದು ನನಗೆ ಬಹಳ ದೊಡ್ಡದಾಗಿ ಕಾಣುತ್ತೆ. ಚಿತ್ರಕ್ಕೆ ಸ್ವರ್ಣ ಕಮಲ ಬಂದಾಗ ಅವರಿಗಿನ್ನೂ ಮೂವತ್ತು ಆಗಿರಲಿಲ್ಲ.

ನಿರಪರಾಧಿ ಅನ್ನೋ ಷರತ್ತು ಯಾಕೆ ನನಗೆ ಇಷ್ಟು ಚುಚ್ಚುತ್ತೆ ಅಂದ್ರೆ, ಆರೋಪಿ ಆದವನು ಬೇರೆಯವರ ಮರುಕ ಪಡೀಬೇಕಾದ್ರೆ ಪರಿಶುದ್ಧನಾಗಿರಬೇಕು ಅಂತ ನಾವು ಅಭ್ಯಾಸ ಮಾಡ್ಕೊಂಡುಬಿಡ್ತೀವಿ. ಕುಡಿಯಬಾರದು, ಸಿಟ್ಟಾಗಬಾರದು, ಹಳೇ ಕೇಸು ಇರಬಾರದು. ನಿಜವಾದ ಠಾಣೆಗಳಲ್ಲಿ, ಜೈಲುಗಳಲ್ಲಿ ಅಂಥವರು ಎಷ್ಟು ಜನ ಸಿಗ್ತಾರೆ? ಬಡವ, ಓದು ಬರದವನು, ಒಂದೆರಡು ಸಣ್ಣ ತಪ್ಪು ಮಾಡಿರೋನು, ವಕೀಲನ ಹತ್ರಾನೇ ಎರಡು ಸಲ ಬೇರೆ ಬೇರೆ ಕಥೆ ಹೇಳಿರೋನು, ಅವನಿಗೂ ಏಟು ತಿನ್ನದೇ ಇರೋ ಹಕ್ಕಿದೆ ಅನ್ನೋದನ್ನ ಯಾವ ಸಿನಿಮಾ ಹೇಳುತ್ತೆ?

ವೆಟ್ರಿಮಾರನ್ ಅವರ 'ವಿಸಾರಣೈ' ಇದಕ್ಕೆ ಹತ್ರ ಬರುತ್ತೆ. ಲಾಕಪ್ಪಿನಲ್ಲಿ ತಾನೇ ಅನುಭವಿಸಿದ್ದನ್ನ ಬರೆದ ಆಟೋ ಡ್ರೈವರ್ ಎಂ. ಚಂದ್ರಕುಮಾರ್ ಅವರ ಪುಸ್ತಕ ಅದಕ್ಕೆ ಆಧಾರ. ಗುಂಟೂರಿನಲ್ಲಿ ಕೂಲಿ ಮಾಡ್ಕೊಂಡು ಪಾರ್ಕಲ್ಲಿ ಮಲಗೋ ತಮಿಳು ಹುಡುಗರನ್ನ ಪೊಲೀಸರು ಎತ್ಕೊಂಡು ಹೋಗಿ ಹೊಡೀತಾರೆ, ಒಪ್ಕೋ ಅಂತಾರೆ, ಏನು ಒಪ್ಕೋಬೇಕು ಅಂತಾನೇ ಅವರಿಗೆ ಗೊತ್ತಿಲ್ಲ, ಭಾಷೆ ಸರಿಯಾಗಿ ಬರಲ್ಲ. ವೆಟ್ರಿಮಾರನ್ ಅದನ್ನ ನಮಗೂ ಹೇಳಲ್ಲ. ಏಟು ಮೊದಲು, ಕಾರಣ ಆಮೇಲೆ. ಆ ಹುಡುಗರಷ್ಟೇ ಕತ್ತಲಲ್ಲಿ ನಮ್ಮನ್ನೂ ಕೂರಿಸಿದ್ದು ದೊಡ್ಡ ನಿರ್ಧಾರ. ಆದ್ರೆ ಹಿಂಸೆ ತೋರಿಸ್ತಾ ತೋರಿಸ್ತಾ ಹೋದ ಹಾಗೆ ಒಂದು ಹಂತದಲ್ಲಿ ನೋವು ತಿನ್ನೋ ದೇಹ ಮಾತ್ರ ಉಳಿಯುತ್ತೆ, ಅದರೊಳಗಿನ ಮನುಷ್ಯ ಹಿಂದೆ ಸರೀತಾನೆ. 2021ರ 'ಜೈ ಭೀಮ್' ನೋಡುವಾಗಲೂ ನನಗೆ ಇದೇ ಕಷ್ಟ ಆಯ್ತು, ಅದು ಎಷ್ಟು ಜನರ ಕಣ್ಣು ತೆರೆಸಿದ ಸಿನಿಮಾ ಅನ್ನೋದರಲ್ಲಿ ಎರಡು ಮಾತಿಲ್ಲ, ಲಿಜೋಮೋಳ್ ಜೋಸ್ ಮಾಡಿದ ಸೆಂಗೇನಿ ಪಾತ್ರ ಮರೆಯೋಕಾಗಲ್ಲ, ತುಂಬು ಬಸುರಿ ಗಂಡನ್ನ ಹುಡುಕ್ತಾ ಅಲೆಯೋದು ನೋಡಿದ್ರೆ ಎದೆ ಹಿಂಡುತ್ತೆ. ಆದ್ರೂ ಕೋರ್ಟಿನೊಳಗೆ ಹೋದಮೇಲೆ ಕ್ಯಾಮೆರಾ ವಕೀಲನ ಜೊತೆ ನಡಿಯೋಕೆ ಶುರು ಮಾಡುತ್ತೆ, ಹಿನ್ನೆಲೆ ಸಂಗೀತ ಅವನ ಹೆಜ್ಜೆಗೆ ಏಳುತ್ತೆ. ಸೆಂಗೇನಿ ಪೊಲೀಸ್ ಜೀಪಿನವರ ಸಹಾಯ ಬೇಡ ಅಂತ ರಸ್ತೆಯಲ್ಲಿ ತನ್ನ ಪಾಡಿಗೆ ನಡ್ಕೊಂಡು ಹೋಗೋ ದೃಶ್ಯ ಇದೆಯಲ್ಲ, ಇಡೀ ಸಿನಿಮಾ ಅವಳ ಆ ನಡಿಗೆಯ ವೇಗದಲ್ಲೇ ಇದ್ದಿದ್ರೆ ಅನ್ಸುತ್ತೆ ನನಗೆ.

ಈಗ ಕಷ್ಟದ ಕಡೆ ಬರೋಣ, ತಪ್ಪು ಮಾಡಿದವನ ಕಡೆ. ಫ್ರಿಟ್ಸ್ ಲಾಂಗ್ 1931ರಲ್ಲೇ 'ಎಂ' ಚಿತ್ರದಲ್ಲಿ ಮಕ್ಕಳನ್ನ ಕೊಲ್ಲೋ ಒಬ್ಬನನ್ನ ಮೊದಲು ಬರೀ ನೆರಳು, ಬರೀ ಸಿಳ್ಳೆ ಮಾಡಿ ತೋರಿಸಿ, ಕೊನೆಗೆ ಊರಿನ ಕಳ್ಳಕಾಕರೇ ನಡೆಸೋ ನ್ಯಾಯಾಲಯದಲ್ಲಿ ನಿಲ್ಲಿಸ್ತಾನೆ. ಪೀಟರ್ ಲೊರೆ ಅಲ್ಲಿ ತನ್ನೊಳಗಿನ ಒತ್ತಡ ತನ್ನನ್ನ ಹೇಗೆ ಅಟ್ಟಿಸ್ಕೊಂಡು ಬರುತ್ತೆ ಅಂತ ಕಿರುಚ್ತಾ ಹೇಳುವಾಗ, ಎದುರಿಗೆ ಕೂತ ಒಂದಿಬ್ಬರು ತಮಗೇ ಗೊತ್ತಿಲ್ಲದೇ ತಲೆ ಆಡಿಸ್ತಾರೆ. ಲಾಂಗ್ ಅವನನ್ನ ಬಿಡಿ ಅಂತ ಹೇಳಲ್ಲ, ಸಿನಿಮಾ ಮುಗಿಯೋದು ಮಕ್ಕಳನ್ನ ಕಳ್ಕೊಂಡ ತಾಯಂದಿರ ಮೇಲೆ. ಆದ್ರೆ ಗುಂಪು ಸೇರಿ ಅವನನ್ನ ಹರಿದು ಹಾಕೋದು ನ್ಯಾಯ ಅಲ್ಲ ಅನ್ನೋದನ್ನ ನಮ್ಮ ಕೈಯಲ್ಲಿ ಒಪ್ಪಿಸ್ತಾನೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ನಿಲ್ಲೋದು ಕೀಸ್ಲೋವ್‌ಸ್ಕಿಯ 'ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್', 1988ರದ್ದು. ಯಾಚೆಕ್ ಅನ್ನೋ ಹುಡುಗ ಪೋಲೆಂಡಿನ ವಾರ್ಸಾದಲ್ಲಿ ಸುಮ್ನೆ ಅಲೀತಿರ್ತಾನೆ, ಸೇತುವೆ ಮೇಲಿಂದ ಕೆಳಗೆ ಹೋಗೋ ಗಾಡಿಗಳ ಮೇಲೆ ಕಲ್ಲು ತಳ್ತಾನೆ, ಯಾರನ್ನೋ ಸುಮ್ಸುಮ್ನೆ ನೂಕ್ತಾನೆ, ಆಮೇಲೆ ಒಬ್ಬ ಟ್ಯಾಕ್ಸಿ ಡ್ರೈವರನ್ನ ಕೊಲ್ತಾನೆ. ಆ ಕೊಲೆ ಬೇಗ ಮುಗಿಯಲ್ಲ, ಹಗ್ಗ, ಕೋಲು, ಕಲ್ಲು, ನೋಡೋಕಾಗಲ್ಲ, ಸತ್ತ ಅನ್ಕೊಂಡವನು ಇನ್ನೂ ಉಸಿರಾಡ್ತಿರ್ತಾನೆ. ಕ್ಯಾಮೆರಾ ಮುಂದೆ ಹಸಿರು ಫಿಲ್ಟರ್ ಹಾಕಿ ಇಡೀ ಊರನ್ನ ಕೊಳೆತ ಹಾಗೆ ಕಾಣಿಸಿದಾರೆ. ಕೊಲೆಗೆ ಕಾರಣ ಹೇಳಲ್ಲ. ಅಲ್ಲಿವರೆಗೂ ನಮಗೆ ಅವನ ಮೇಲೆ ಅಸಹ್ಯ ಬಿಟ್ರೆ ಏನೂ ಇರಲ್ಲ, ಒಂದೇ ಒಂದು ಕಡೆ ಬಿಟ್ಟು, ಫೋಟೋ ಸ್ಟುಡಿಯೋಗೆ ಹೋಗಿ ಒಂದು ಪುಟ್ಟ ಹುಡುಗಿಯ ಹಳೇ ಫೋಟೋ ದೊಡ್ಡದು ಮಾಡಿಕೊಡಿ ಅಂತ ಕೊಡ್ತಾನೆ.

ಅಲ್ಲಿಂದ ಸಿನಿಮಾ ವಿಚಾರಣೇನೇ ಹಾರಿಸಿಬಿಡುತ್ತೆ. ಸಾಕ್ಷಿ, ವಾದ ಏನೂ ಇಲ್ಲ, ಎಲ್ಲಾ ಮುಗಿದು ಮರಣದಂಡನೆ ಆಗಿರುತ್ತೆ. ಗಲ್ಲಿಗೆ ಮುಂಚೆ ಹೊಸದಾಗಿ ವಕೀಲಿಕೆ ಶುರು ಮಾಡಿದ ಒಬ್ಬ ಹುಡುಗ ವಕೀಲನ ಹತ್ರ ಯಾಚೆಕ್ ಮಾತಾಡ್ತಾನೆ, ಆಗ ಗೊತ್ತಾಗುತ್ತೆ ಆ ಫೋಟೋದಲ್ಲಿದ್ದವಳು ಅವನ ತಂಗಿ, ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತಿದ್ದಳು, ಓಡಿಸ್ತಿದ್ದವನು ಅವನ ಗೆಳೆಯ, ಅದಕ್ಕೆ ಮುಂಚೆ ಇಬ್ಬರೂ ಒಟ್ಟಿಗೆ ಕುಡಿದಿದ್ರು. ಇದೇ ವಿಷಯ ಮೊದಲ ಹತ್ತು ನಿಮಿಷದಲ್ಲಿ ಹೇಳಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ, ಕೊಲೆಗೆ ಅದೊಂದು ನೆಪ ಆಗ್ತಿತ್ತು, ಪಾಪ ತಂಗಿ ಸತ್ತಿದ್ದಕ್ಕೆ ಹೀಗಾದ ಅಂತ ನಾವೇ ಸಮಾಧಾನ ಹೇಳ್ಕೋತಿದ್ವಿ. ತೀರ್ಪು ಆದಮೇಲೆ ಹೇಳಿದ್ದಕ್ಕೆ ಅದು ಯಾರನ್ನೂ ಒಪ್ಪಿಸೋಕೆ ಹೇಳಿದ ಮಾತಾಗಿ ಉಳಿಯಲ್ಲ, ಅದರಿಂದ ಏನೂ ಪ್ರಯೋಜನ ಇಲ್ಲ, ಬರೀ ಅವನು ಯಾರು ಅಂತ ತಿಳಿಯುತ್ತೆ. ಆಮೇಲೆ ಗಲ್ಲಿನ ಕೋಣೆ, ಹಗ್ಗದ ಯಂತ್ರ ಸರಿಯಾಗಿ ತಿರುಗುತ್ತಾ ಅಂತ ಪರೀಕ್ಷೆ ಮಾಡೋದು, ಕೆಳಗೆ ಒಂದು ಪ್ಲಾಸ್ಟಿಕ್ ಟ್ರೇ ಇಡೋದು. ಆ ಟ್ರೇ ಯಾಕೆ ಅಂತ ಮೊದಲು ಹೊಳೆಯಲ್ಲ, ಹೊಳೆದಾಗ ಮೈ ಜುಮ್ಮನ್ನುತ್ತೆ. ಕೊಲೆಯಷ್ಟೇ ವಿವರವಾಗಿ ಗಲ್ಲನ್ನೂ ತೋರಿಸ್ತಾನೆ, ಒಂದು ಒಬ್ಬ ಮಾಡಿದ್ದು, ಇನ್ನೊಂದು ಸರ್ಕಾರ ಮಾಡಿದ್ದು. ಪೋಲೆಂಡಿನಲ್ಲಿ ಕೊನೇ ಗಲ್ಲು ಆಗಿದ್ದೂ 1988ರಲ್ಲೇ.

ಚೈತನ್ಯ ತಮ್ಹಾಣೆಯವರ ಮರಾಠಿ ಸಿನಿಮಾ 'ಕೋರ್ಟ್', 2014ರದ್ದು, ಇದಕ್ಕೆ ತದ್ವಿರುದ್ಧ. ನಾರಾಯಣ ಕಾಂಬ್ಳೆ ಅನ್ನೋ ವಯಸ್ಸಾದ ಜನಕವಿ ಹಾಡಿದ ಹಾಡು ಕೇಳಿ ಮ್ಯಾನ್‌ಹೋಲ್ ಕಾರ್ಮಿಕ ಆತ್ಮಹತ್ಯೆ ಮಾಡ್ಕೊಂಡ ಅಂತ ಕೇಸು. ಇಂಥ ಕಥೆ ಸಿಕ್ಕಿದ್ರೆ ಬೇರೆ ಯಾರಾದ್ರೂ ಆ ಮುದುಕನ ಸುಕ್ಕುಗಟ್ಟಿದ ಮುಖಕ್ಕೆ ಕ್ಯಾಮೆರಾ ಅಂಟಿಸ್ತಿದ್ರು. ತಮ್ಹಾಣೆ ದೂರದಲ್ಲಿ ಕ್ಯಾಮೆರಾ ನಿಲ್ಲಿಸಿ ಅಲ್ಲಾಡಿಸಲ್ಲ. ಕಾಂಬ್ಳೆ ಆ ಫ್ರೇಮಿನ ಒಂದು ಮೂಲೇಲಿ ಸಣ್ಣದಾಗಿ ಕಾಣ್ತಾರೆ, ಸುತ್ತ ಫ್ಯಾನು, ಫೈಲು, ಬೇರೆ ಕೇಸಿನವರು. ತೋಳಿಲ್ಲದ ಬಟ್ಟೆ ಹಾಕ್ಕೊಂಡು ಬಂದ್ರು ಅಂತ ಒಬ್ಬ ಹೆಂಗಸಿನ ಕೇಸು ಕೇಳೋದೇ ಇಲ್ಲ ಜಡ್ಜು. ಕ್ಯಾಮೆರಾ ಸರ್ಕಾರಿ ವಕೀಲೆ ಜೊತೆ ಅವರ ಮನೆಗೆ ಹೋಗುತ್ತೆ, ಆಕೆ ಅಡುಗೆ ಮಾಡ್ತಾರೆ, ಮಕ್ಕಳಿಗೆ ಬಡಿಸ್ತಾರೆ, ಜಡ್ಜಿನ ಜೊತೆ ರಜೆಗೂ ಹೋಗುತ್ತೆ, ಆದ್ರೆ ಕಾಂಬ್ಳೆ ಇರೋ ಜೈಲಿನೊಳಗೆ ಮಾತ್ರ ಹೋಗಲ್ಲ. ಎಲ್ಲರಿಗೂ ಮನೆ ಇದೆ, ಸಂಜೆ ಇದೆ, ಭಾನುವಾರ ಇದೆ. ಅವರಿಗೆ ಮಾತ್ರ ಮುಂದಿನ ತಾರೀಖು. ಬೇಸಿಗೆ ರಜೆಗೆ ಕೋರ್ಟು ಮುಚ್ಚೋ ದಿನ ಎಲ್ಲರೂ ಎದ್ದು ಹೋದಮೇಲೂ ಶಾಟ್ ಕಟ್ ಆಗಲ್ಲ, ಯಾರೋ ಬಂದು ಲೈಟು ಆರಿಸ್ತಾರೆ, ಕತ್ತಲಾಗುತ್ತೆ, ನಾವು ಆ ಖಾಲಿ ಕೋರ್ಟನ್ನೇ ನೋಡ್ತಾ ಕೂತಿರ್ತೀವಿ. ಒಬ್ಬನ ಬದುಕನ್ನ ಒಂದು ತಿಂಗಳು ಪಕ್ಕಕ್ಕೆ ತೆಗೆದಿಡೋದು ಎಷ್ಟು ಸುಲಭ ಅಂತ ಅದಕ್ಕಿಂತ ಚೆನ್ನಾಗಿ ತೋರಿಸಿದ್ದು ನಾನು ನೋಡಿಲ್ಲ.

ಆಮೇಲೆ ಕಿಯಾರೊಸ್ತಮಿಯ 'ಕ್ಲೋಸಪ್', 1990. ಟೆಹ್ರಾನಿನ ಒಬ್ಬ ಬಡವ, ಹೊಸೈನ್ ಸಬ್ಜಿಯಾನ್, ತಾನು ಖ್ಯಾತ ನಿರ್ದೇಶಕ ಮಖ್ಮಲ್‌ಬಾಫ್ ಅಂತ ಹೇಳ್ಕೊಂಡು ಒಂದು ಮಧ್ಯಮವರ್ಗದ ಮನೆಯೊಳಗೆ ಸೇರ್ಕೋತಾನೆ, ನಿಮ್ಮನ್ನೇ ಹಾಕ್ಕೊಂಡು ಸಿನಿಮಾ ಮಾಡ್ತೀನಿ ಅಂತಾನೆ, ಸಿಕ್ಕಿಬೀಳ್ತಾನೆ. ಇದೆಲ್ಲ ನಿಜವಾಗಿ ನಡೆದಿದ್ದು, ಸಿನಿಮಾದಲ್ಲಿ ಅವರವರ ಪಾತ್ರ ಅವರೇ ಮಾಡಿದಾರೆ. ಕೋರ್ಟಿನಲ್ಲಿ ಕಿಯಾರೊಸ್ತಮಿ ಸಬ್ಜಿಯಾನ್‌ಗೆ ಕ್ಯಾಮೆರಾಗಳನ್ನ ಪರಿಚಯ ಮಾಡಿಸ್ತಾನೆ, ಕ್ಲೋಸಪ್ ಲೆನ್ಸ್ ಇರೋ ಈ ಕ್ಯಾಮೆರಾ ನಿನಗೆ ಮೀಸಲು, ಕೋರ್ಟಿಗೆ ಅರ್ಥವಾಗದ್ದು ಏನಾದ್ರೂ ಇದ್ರೆ ಇದಕ್ಕೆ ಹೇಳು ಅನ್ನೋ ಅರ್ಥದಲ್ಲಿ. ಇದನ್ನ ನೋಡಿದಾಗ ಕೂತಲ್ಲೇ ನೆಟ್ಟಗಾಗಿದ್ದೆ ನಾನು. ಇಷ್ಟೊತ್ತು ಮಾತಾಡಿದ ಎಲ್ಲಾ ಸಿನಿಮಾದಲ್ಲೂ ಆರೋಪಿ ಮುಖನ ನಿರ್ದೇಶಕ ತಗೋತಾನೆ, ಇಲ್ಲಿ ಆರೋಪಿಗೇ ಕ್ಯಾಮೆರಾ ಕೊಟ್ಟು ಇದು ನಿನ್ನ ಜಾಗ ಅಂತಾನೆ. ಸಬ್ಜಿಯಾನ್ ಅಲ್ಲಿ ತಾನು ನಿರಪರಾಧಿ ಅಂತ ಸಾಧಿಸೋಕೆ ಹೋಗಲ್ಲ. ದೊಡ್ಡ ಮನುಷ್ಯ ಅಂತ ಯಾರಾದ್ರೂ ತನ್ನ ಮಾತು ಕೇಳಿದ್ದು, ತಾನು ಹೇಳಿದ ಹಾಗೆ ಅವರು ಮಾಡಿದ್ದು, ರಾತ್ರಿ ಮತ್ತೆ ತನ್ನ ಬಡತನಕ್ಕೆ ವಾಪಸ್ ಬರಬೇಕಾಗಿದ್ದು, ಇದನ್ನ ಹೇಳ್ತಾನೆ. ಮೋಸ ಮಾಡಿದ್ದು ಹೌದು, ಅದರ ಜೊತೆಗೇ ಅವನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೂ ಹೌದು. ಕೊನೆಗೆ ನಿಜವಾದ ಮಖ್ಮಲ್‌ಬಾಫ್ ಬಂದು ಅವನನ್ನ ಬೈಕಿನಲ್ಲಿ ಕೂರಿಸ್ಕೊಂಡು ಹೋಗುವಾಗ ಮೈಕು ಕೆಟ್ಟ ಹಾಗೆ ಮಾತು ಬಿಟ್ಟು ಬಿಟ್ಟು ಕೇಳುತ್ತೆ, ಅದು ಕಿಯಾರೊಸ್ತಮಿ ಬೇಕಂತಲೇ ಮಾಡಿದ್ದು. ಬೇರೆ ಯಾರೇ ಆಗಿದ್ರೂ ಆ ಸಂಭಾಷಣೆನ ಪೂರ್ತಿ ಕೇಳಿಸಿ ನಮ್ಮನ್ನ ಅಳಿಸ್ತಿದ್ರು.

ಆರೋಪಿಯ ಕಥೆ ಯಾರದ್ದು ಅನ್ನೋ ಪ್ರಶ್ನೆ ಇದರಿಂದಲೇ ಏಳುತ್ತೆ. ಎರೋಲ್ ಮಾರಿಸ್ 1988ರಲ್ಲಿ 'ದಿ ಥಿನ್ ಬ್ಲೂ ಲೈನ್' ಅನ್ನೋ ಡಾಕ್ಯುಮೆಂಟರಿ ಮಾಡಿದ, ಡಲ್ಲಾಸಿನಲ್ಲಿ ಪೊಲೀಸ್ ಅಧಿಕಾರಿಯನ್ನ ಕೊಂದ ಅಂತ ಮೊದಲು ಮರಣದಂಡನೆ, ಆಮೇಲೆ ಜೀವಾವಧಿ ಆಗಿದ್ದ ರಾಂಡಲ್ ಡೇಲ್ ಆಡಮ್ಸ್ ಬಗ್ಗೆ. ಮಾರಿಸ್ ಅವನನ್ನ ಅಳಿಸಲ್ಲ, ಅವನ ಮನೆಯವರ ಗೋಳು ತೋರಿಸಿ ನಮ್ಮನ್ನ ಕರಗಿಸಲ್ಲ, ಆ ರಾತ್ರಿಯ ಘಟನೆನ ಒಬ್ಬೊಬ್ಬ ಸಾಕ್ಷಿ ಹೇಳಿದ ಹಾಗೆ ಮತ್ತೆ ಮತ್ತೆ ನಟಿಸಿ ತೋರಿಸ್ತಾನೆ, ಪ್ರತಿ ಸಲ ಏನಾದ್ರೂ ಒಂದು ಬದಲಾಗಿರುತ್ತೆ, ಸಾಕ್ಷಿಗಳು ಹೇಳಿದ್ದು ನಮ್ಮ ಕಣ್ಣೆದುರೇ ಉದುರುತ್ತೆ. ಮರುವರ್ಷವೇ ಆಡಮ್ಸ್ ಬಿಡುಗಡೆ ಆಯ್ತು. ಹೊರಗೆ ಬಂದ ಮೇಲೆ ತನ್ನ ಬದುಕಿನ ಕಥೆ ಮೇಲಿನ ಹಕ್ಕಿಗಾಗಿ ಅವನು ಮಾರಿಸ್ ಮೇಲೇ ಕೇಸು ಹಾಕಬೇಕಾಯ್ತು, ಕೋರ್ಟಿನ ಹೊರಗೆ ರಾಜಿ ಆಗಿ ಹಕ್ಕು ಅವನಿಗೆ ವಾಪಸ್ ಬಂತು. ಬಹಳ ಜನ ಇದನ್ನ ಕೃತಜ್ಞತೆ ಇಲ್ಲದ ಕೆಲಸ ಅಂತ ನೋಡಿದ್ರು, ಜೈಲಿಂದ ಬಿಡಿಸಿದವನ ಮೇಲೇ ಕೇಸಾ ಅಂತ. ನನಗೆ ಆಡಮ್ಸ್ ಮಾಡಿದ್ದು ನೂರಕ್ಕೆ ನೂರು ಸರಿ. ಹನ್ನೆರಡು ವರ್ಷ ಅವನ ಬಗ್ಗೆ ಪೊಲೀಸರು ಹೇಳಿದ್ರು, ಸಾಕ್ಷಿಗಳು ಹೇಳಿದ್ರು, ಜ್ಯೂರಿ ಹೇಳ್ತು, 101 ನಿಮಿಷ ಒಂದು ಒಳ್ಳೇ ಸಿನಿಮಾನೂ ಹೇಳ್ತು, ಇನ್ನು ತಾನೇ ಹೇಳ್ಬೇಕು ಅಂತ ಅವನಿಗೆ ಅನ್ಸಿದ್ರಲ್ಲಿ ಏನು ತಪ್ಪು. ಆಮೇಲೆ ಅವನು ಅದನ್ನ ಹೇಳಿದ, ಪುಸ್ತಕ ಬರೆದ, ಮರಣದಂಡನೆ ಬೇಡ ಅಂತ ಊರೂರಿಗೆ ಹೋಗಿ ಮಾತಾಡಿದ. 'ಥಿನ್ ಬ್ಲೂ ಲೈನ್' ನೋಡಿದವರು ಅವನ ಆ ಮಾತುಗಳನ್ನೂ ಹುಡುಕಿ ಓದಿ, ಸಿನಿಮಾದಲ್ಲಿ ಕಂಡ ಆಡಮ್ಸ್‌ಗಿಂತ ಸ್ವಲ್ಪ ಒರಟು, ಸ್ವಲ್ಪ ಸಿಟ್ಟಿನ ಮನುಷ್ಯ ಸಿಗ್ತಾನೆ.